ಕೀಮೋ ಮುಗಿಸಿ ಮನೆಗೆ ಬಂದ ಮೇಲೆ ಫೋನ್ ಎಂತ ಮಾಡಬಹುದು

ಕ್ಯಾನ್ಸರಿಗೆ ಕೀಮೋ ಎನ್ನುವ ಮದ್ದು ಕೊಡುವುದು ಆಸ್ಪತ್ರೆಯಲ್ಲಿ. ಕೆಲವು ಗಂಟೆಗಳ ಕೆಲಸ. ಆಮೇಲೆ ಮನೆಗೆ ಕಳಿಸುತ್ತಾರೆ, ಮೂರು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ವಾಂತಿ ಬರುವುದು, ಬಾಯಿ ಹುಣ್ಣಾಗುವುದು, ನಡುರಾತ್ರಿ ಮೈ ಸುಡುವುದು ಎಲ್ಲ ಆ ಮೂರು ವಾರಗಳಲ್ಲಿ, ಮನೆಯಲ್ಲಿ. ಡಾಕ್ಟರು, ನರ್ಸು, ರಕ್ತ ಪರೀಕ್ಷೆಯ ಲ್ಯಾಬು ಎಲ್ಲ ಇರುವುದು ಅಲ್ಲಿ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹೆಚ್ಚಿನವರಿಗೆ ಅಲ್ಲಿ ಅಂದರೆ ಮಂಗಳೂರು. ಗಡಿ ದಾಟಿ, ತಿರುವು ಮುರುವಿನ ರಸ್ತೆಯಲ್ಲಿ ಒಂದೂವರೆ ಎರಡು ಗಂಟೆಯ ದಾರಿ. ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುತ್ತಾರೆ, ಅದು ನೂರು ಕಿಲೋಮೀಟರಿಗೂ ಜಾಸ್ತಿ. ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆ ಆರ್‌ಸಿಸಿಗೆ ಹೋಗುವವರಾದರೆ ಇಡೀ ಕೇರಳವನ್ನೇ ಉದ್ದಕ್ಕೆ ದಾಟಬೇಕು.

ನನ್ನ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಈಗ ದಿನಕ್ಕೊಂದು ಮಾತ್ರೆಯಲ್ಲಿದ್ದಾರೆ, ಮೊದಲಿನ ಹಾಗೆ ಹಟ್ಟಿಗೂ ತೋಟಕ್ಕೂ ಓಡಾಡುತ್ತಾರೆ. ಇದನ್ನು ಬರೆಯಲು ಅವರ ಒಪ್ಪಿಗೆ ಉಂಟು. ಕೀಮೋದ ಆ ತಿಂಗಳುಗಳಲ್ಲಿ ನಾವು ಮನೆಯಲ್ಲಿ ಫೋನ್ ಇಟ್ಟುಕೊಂಡು ಏನೇನು ಮಾಡಿದೆವು, ಯಾವುದು ಪ್ರಯೋಜನಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಬರೆದಿಟ್ಟರೆ ಇನ್ನೊಂದು ಮನೆಗೆ ಉಪಕಾರವಾಗಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ. ನಾನು ಡಾಕ್ಟರ್ ಅಲ್ಲ. ಶಾಲೆಯಲ್ಲಿ ಪಾಠ ಮಾಡುವವಳು. ಹಾಗಾಗಿ ಮದ್ದಿನ ವಿಷಯ ಬಂದಾಗ ನಿಮ್ಮ ಡಾಕ್ಟರು ಹೇಳಿದ್ದೇ ಕಡೆಯ ಮಾತು.

ನನಗೆ ಗಟ್ಟಿಯಾಗಿ ಗೊತ್ತಾದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಳಿಸಿದ್ದನ್ನು ಓದಿ ಉತ್ತರ ಕೊಡುವ ಒಬ್ಬರು ಆ ಕಡೆ ಇದ್ದರೆ ವಾಟ್ಸಾಪ್ ಒಂದೇ ಸಾಕು. ಆ ಒಬ್ಬರು ಇಲ್ಲದಿದ್ದರೆ ಎಂಥ ಚಂದದ ಆ್ಯಪ್ ಇದ್ದರೂ ಅದರಲ್ಲಿ ಬರೆದದ್ದೆಲ್ಲ ನೀರಿನಲ್ಲಿ ಹೋಮ.

ಚಿಕ್ಕಮ್ಮನ ಜೊತೆ ಮೊದಲ ಸಲ ಓಪಿಗೆ ಹೋದಾಗ ನೋಡಿದೆ. ಮನೆಯಲ್ಲಿ ನಾಲ್ಕು ದಿನ ಗಂಜಿಯ ತೆಳಿಯೂ ಒಳಗೆ ಹೋಗಿರಲಿಲ್ಲ, ರಾತ್ರಿ ನಿದ್ದೆ ಇರಲಿಲ್ಲ, ಪಾಯಿಖಾನೆಗೆ ಹೋಗಲು ಅಳುತ್ತಿದ್ದರು. ಡಾಕ್ಟರು 'ಹೇಗಿದ್ದೀರಿ?' ಎಂದು ಕೇಳಿದರು. ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡು 'ಪರವಾಗಿಲ್ಲ ಡಾಕ್ಟ್ರೇ' ಎಂದರು! ಮೂರು ವಾರದ ಕಷ್ಟ ಆ ಒಂದು ಮಾತಿನಲ್ಲಿ ಮುಗಿದುಹೋಯಿತು. ಯಾಕೆ ಹಾಗೆ ಹೇಳಿದಿರಿ ಎಂದು ಹೊರಗೆ ಬಂದು ಕೇಳಿದೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರಲ್ಲ, ಮತ್ತೆ ಜಾಸ್ತಿ ಹೇಳಿದರೆ ಕೀಮೋ ನಿಲ್ಲಿಸಿಬಿಟ್ಟರೆ ಎಂದರು. ಈ ಹೆದರಿಕೆ ಅವರೊಬ್ಬರದ್ದಲ್ಲ. ಆಮೇಲೆ ನಾನು ಮಾತಾಡಿಸಿದ ಹೆಚ್ಚಿನವರು ಇದನ್ನೇ ಹೇಳಿದರು. ತೊಂದರೆ ಹೇಳಿಕೊಂಡರೆ ಮದ್ದು ಕಮ್ಮಿ ಮಾಡುತ್ತಾರೆ, ಕಮ್ಮಿ ಮಾಡಿದರೆ ರೋಗ ತಿರುಗಿ ಬರುತ್ತದೆ ಎನ್ನುವ ಲೆಕ್ಕ. ಆದರೆ ವಾಂತಿಗೆ, ಮಲಬದ್ಧತೆಗೆ, ಬಾಯಿಹುಣ್ಣಿಗೆ ಬೇರೆ ಬೇರೆ ಮದ್ದು ಉಂಟು. ಗೊತ್ತಾದರೆ ಕೊಡುತ್ತಾರೆ. ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಅಷ್ಟೆ.

ಇದು ನಮ್ಮ ಊರಿನವರ ಸಂಕೋಚದ ಕಥೆ ಮಾತ್ರ ಎಂದುಕೊಂಡಿದ್ದೆ. ಹಾಗಲ್ಲ. ಅಮೆರಿಕದ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಎನ್ನುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎಥನ್ ಬ್ಯಾಶ್ ಎನ್ನುವ ವೈದ್ಯರ ತಂಡ ಮಾಡಿದ ಅಧ್ಯಯನದಲ್ಲೂ ಇದೇ ಮಾತಿದೆ. ರೋಗಿಗಳಿಗೆ ಆಗುವ ತೊಂದರೆಗಳಲ್ಲಿ ಅರ್ಧದಷ್ಟು ವೈದ್ಯರ ಗಮನಕ್ಕೆ ಬಾರದೆ ಹೋಗಬಹುದು ಎಂದು ಅವರು ಬರೆದಿದ್ದಾರೆ. ಅವರ ಬಗ್ಗೆ ಮುಂದೆ ಇನ್ನೂ ಹೇಳುವುದಿದೆ.

ಅವತ್ತು ಓಪಿಯಿಂದ ಮನೆಗೆ ಬಂದು ಮೂರು ಜನರ ಒಂದು ವಾಟ್ಸಾಪ್ ಗುಂಪು ಮಾಡಿದೆವು. ನಾನು, ಚಿಕ್ಕಮ್ಮ, ಬೆಂಗಳೂರಲ್ಲಿರುವ ಅವರ ಮಗಳು. ಬೇರೆ ಯಾರೂ ಬೇಡ ಎಂದು ಚಿಕ್ಕಮ್ಮನೇ ಹೇಳಿದ್ದು. ಸಂಜೆ ದೀಪ ಹಚ್ಚಿ ಆದ ಮೇಲೆ ಅವರು ಒಂದು ವಾಯ್ಸ್ ಮೆಸೇಜ್ ಹಾಕಬೇಕು. ಟೈಪ್ ಮಾಡುವ ಗೋಜಿಲ್ಲ. ಕೇಳುವ ಪ್ರಶ್ನೆಗಳು ದಿನಾ ಅವೇ. ಇವತ್ತು ವಾಕರಿಕೆ ಇತ್ತಾ, ವಾಂತಿ ಆಯಿತಾ? ಬಾಯಿ ಹೇಗುಂಟು, ನುಂಗಲು ಆಗುತ್ತದಾ? ಹೊಟ್ಟೆ ಹೋಯಿತಾ, ಕಟ್ಟಿತಾ? ಸುಸ್ತು ಎಷ್ಟು? ನೋವು ಎಲ್ಲಿ? ನಿದ್ದೆ? ಕೈಕಾಲು ಜೋಮು? ಜ್ವರ ಎಷ್ಟು ತೋರಿಸಿತು? ಅದನ್ನು ಕೇಳಿ ನಾನು ಫೋನಿನಲ್ಲೇ ಗೂಗಲ್ ಶೀಟಿನಲ್ಲಿ ತುಂಬಿಸುತ್ತಿದ್ದೆ. ಒಂದು ದಿನಕ್ಕೆ ಒಂದು ಸಾಲು. ಕೀಮೋ ಆದ ದಿನದಿಂದ ಎಷ್ಟನೆಯ ದಿನ ಎನ್ನುವುದು ಎಲ್ಲಕ್ಕಿಂತ ಎಡಗಡೆಯ ಕಾಲಮ್ಮಿನಲ್ಲಿ.

ಮೊದಲು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಹೇಳಿದೆವು. ಎಡ್ಮಂಟನ್ ಸ್ಕೇಲ್ ಎಂದು ಒಂದಿದೆ, 1991ರಿಂದ ಪಾಲಿಯೇಟಿವ್ ಕೇರಿನವರು, ಅಂದರೆ ರೋಗಿಯ ನೋವು, ಕಷ್ಟ ಕಮ್ಮಿ ಮಾಡುವ ಆರೈಕೆಯವರು, ಬಳಸುವಂಥದ್ದು, ಅದರಲ್ಲಿ ಹಾಗೆ. ಚಿಕ್ಕಮ್ಮನಿಗೆ ಅದು ಹಿಡಿಸಲಿಲ್ಲ. ನಾಲ್ಕಕ್ಕೂ ಐದಕ್ಕೂ ಎಂತ ವ್ಯತ್ಯಾಸ ಎಂದು ಅವರೇ ಕೇಳುತ್ತಿದ್ದರು. ಇಲ್ಲ, ಸ್ವಲ್ಪ, ಜಾಸ್ತಿ, ತಡೆಯಲಾಗದಷ್ಟು ಎಂದು ನಾಲ್ಕೇ ಮಾಡಿದೆವು. ಆಮೇಲೆ ಸರಾಗವಾಯಿತು. ಇನ್ನೂ ಒಂದು ಗೊತ್ತಾಯಿತು. ಕೆಲವು ತೊಂದರೆಗಳನ್ನು 'ಎಷ್ಟು' ಎಂದು ಕೇಳಬಾರದು, 'ಎಂತ ಮಾಡಲು ಆಯಿತು' ಎಂದು ಕೇಳಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಎನ್ನುವ ಮದ್ದು ಶುರುವಾದ ಮೇಲೆ ಕೈಬೆರಳ ತುದಿ ಜೋಮು ಹಿಡಿಯುತ್ತದೆ, ನರಗಳಿಗೆ ಅದು ತೊಂದರೆ ಕೊಡುತ್ತದೆ. ಜೋಮು ಇದೆಯಾ ಎಂದರೆ ಚಿಕ್ಕಮ್ಮ ಸ್ವಲ್ಪ ಎನ್ನುತ್ತಿದ್ದರು. ರವಿಕೆಯ ಹುಕ್ಕು ಹಾಕಲು ಆಯಿತಾ, ಅಡಿಕೆ ಸುಲಿಯಲು ಆಯಿತಾ, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುತ್ತದಾ ಎಂದು ಕೇಳಿದಾಗ ಬೇರೆಯೇ ಉತ್ತರ ಬಂತು. ಹುಕ್ಕು ಹಾಕಲು ಆಗುತ್ತಿರಲಿಲ್ಲ! ಇದನ್ನು ಬೇಗ ಹೇಳಿದರೆ ಡಾಕ್ಟರು ಡೋಸ್ ಹೊಂದಿಸಬಹುದು. ತಡವಾದರೆ ಆ ಜೋಮು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಎರಡು ಸುತ್ತು ಕೀಮೋ ಆಗುವಷ್ಟರಲ್ಲಿ ಶೀಟಿನಲ್ಲಿ ಒಂದು ಕ್ರಮ ಕಾಣಿಸಿತು. ವಾಕರಿಕೆ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಜೋರು. ಅದು ಇಳಿಯುವಾಗ ಹೊಟ್ಟೆ ಕಟ್ಟುತ್ತದೆ, ಯಾಕೆಂದರೆ ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಮಾತ್ರೆಯೇ ಮಲಬದ್ಧತೆ ತರುತ್ತದೆ. ಡೆಕ್ಸಾಮೆಥಾಸೋನ್ ಎನ್ನುವ ಸ್ಟಿರಾಯ್ಡ್ ಕೊಟ್ಟ ದಿನಗಳಲ್ಲಿ ನಿದ್ದೆ ಇಲ್ಲ, ಸಕ್ಕರೆ ಮೇಲೆ. ಚಿಕ್ಕಮ್ಮನಿಗೆ ಮೊದಲೇ ಶುಗರ್ ಇತ್ತು, ಹಾಗಾಗಿ ಗ್ಲುಕೋಮೀಟರಿನ ಅಂಕವೂ ಆ ಶೀಟಿಗೇ ಸೇರಿತು. ಮೊದಲ ಸಲ ಡಾಕ್ಸೋರುಬಿಸಿನ್ ಎನ್ನುವ ಕೆಂಪು ಬಣ್ಣದ ಕೀಮೋ ಮದ್ದು ಹೋದಾಗ ಮೂತ್ರ ಕೆಂಪಾಗಿ ಮನೆಯವರೆಲ್ಲ ರಕ್ತವೆಂದು ಹೆದರಿದ್ದರು. ಅದು ಮದ್ದಿನ ಬಣ್ಣ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಎರಡನೆಯ ಸಲಕ್ಕೆ ಯಾರೂ ಗಾಬರಿಯಾಗಲಿಲ್ಲ.

ಈ ಶೀಟನ್ನು ಒಂದೇ ಸ್ಕ್ರೀನಿನಲ್ಲಿ ಕಾಣುವ ಹಾಗೆ ಮಾಡಿ, ಮುಂದಿನ ಸಲ ಹೋಗುವಾಗ ಕೀಮೋ ಕೊಡುವ ಡೇ ಕೇರ್ ವಾರ್ಡಿನ ಸಿಸ್ಟರಿಗೆ ತೋರಿಸಿದೆ. ಅವರು ಓದಿದರು. ಓದಿ, ಡಾಕ್ಟರ ಹತ್ತಿರ ಹೋಗುವ ಮೊದಲೇ ಎರಡು ಕಡೆ ಬೆರಳು ಇಟ್ಟು ಕೇಳಿದರು. ಡಾಕ್ಟರು ಅರ್ಧ ನಿಮಿಷ ನೋಡಿ ರಾತ್ರಿಗೆ ಓಲಾಂಜಪೀನ್ ಎನ್ನುವ ಮಾತ್ರೆ ಸೇರಿಸಿದರು, ಹೊಟ್ಟೆಗೆ ಒಂದು ಸಿರಪ್ ಕೊಟ್ಟರು. ಆ ಸುತ್ತಿನಲ್ಲಿ ಚಿಕ್ಕಮ್ಮ ಮೂರನೆಯ ದಿನವೇ ಕುಚ್ಚಲಕ್ಕಿ ಗಂಜಿ ಮತ್ತು ಹುರಿದ ಹಪ್ಪಳ ಕೇಳಿದರು. ಅವತ್ತು ಬೆಂಗಳೂರಿನಿಂದ ಮಗಳು ಎಷ್ಟು ಖುಷಿಯಿಂದ ಮಾತಾಡಿದಳು ಎಂದರೆ ನಾನು ಅದನ್ನು ಮರೆಯಲಾರೆ.

ಒಂದು ಎಚ್ಚರಿಕೆ ಇಲ್ಲಿ ಹೇಳಬೇಕು. ಓಲಾಂಜಪೀನ್ ಎಂದು ಗೂಗಲ್ ಮಾಡಿದರೆ ಮಾನಸಿಕ ಕಾಯಿಲೆಯ ಮಾತ್ರೆ ಎಂದು ಬರುತ್ತದೆ. ನಿಜವೇ, ಅದಕ್ಕೂ ಕೊಡುತ್ತಾರೆ. ಚಿಕ್ಕಪ್ಪ ಅದನ್ನು ಓದಿ ಮಾತ್ರೆ ಕೊಡಲೇ ಬಾರದು ಎಂದು ಕೂತರು. ಸಿಸ್ಟರಿಗೆ ಮೆಸೇಜ್ ಹಾಕಿದೆ. ಕಡಿಮೆ ಡೋಸಿನಲ್ಲಿ ಅದು ಕೀಮೋ ವಾಕರಿಕೆಗೆ ತುಂಬ ಒಳ್ಳೆಯದು, ನಿದ್ದೆ ಸ್ವಲ್ಪ ಜಾಸ್ತಿ ಬರಬಹುದು, ರಾತ್ರಿ ಎದ್ದಾಗ ಹಿಡಿದುಕೊಳ್ಳಲು ಹೇಳಿ ಎಂದು ಅವರು ಎರಡು ಸಾಲು ಕಳಿಸಿದರು. ಮನೆಯ ಜಗಳ ಅಲ್ಲಿಗೆ ಮುಗಿಯಿತು. ಗೂಗಲ್ ಕೊಟ್ಟದ್ದು ಮಾಹಿತಿ. ಆ ಸಿಸ್ಟರ್ ಕೊಟ್ಟದ್ದು ಈ ರೋಗಿಗೆ ಬೇಕಾದ ಉತ್ತರ. ಈಗಿನ ಎಐ ಚಾಟ್‌ಗಳಿಗೂ ಇದೇ ಮಾತು. ಕನ್ನಡದಲ್ಲೇ ಕೇಳಬಹುದು, ಡಾಕ್ಟರ ಹತ್ತಿರ ಏನೇನು ಕೇಳಬೇಕು ಎಂದು ಪಟ್ಟಿ ಮಾಡಿಕೊಳ್ಳಲು ಅದು ನಿಜವಾಗಿ ಸಹಾಯ ಮಾಡುತ್ತದೆ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಶುರು ಮಾಡಬೇಕು ಎಂದು ದಯವಿಟ್ಟು ಅದರ ಮಾತು ಕೇಳಿ ತೀರ್ಮಾನ ಮಾಡಬೇಡಿ.

ಈಗ ಜ್ವರದ ವಿಷಯ. ಈ ಬರಹದಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಓದಿ.

ಕೀಮೋ ಆಗಿ ಸುಮಾರು 7ರಿಂದ 14 ದಿನಗಳ ನಡುವೆ ರಕ್ತದ ಬಿಳಿಕಣಗಳು ತೀರ ಕಮ್ಮಿಯಾಗುತ್ತವೆ. ಅದರಲ್ಲಿ ನ್ಯೂಟ್ರೋಫಿಲ್ ಎನ್ನುವವು ಸೋಂಕಿನ ಜೊತೆ ಹೋರಾಡುವ ಕಣಗಳು. ಅವು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗೆ ಇಳಿದಾಗ ಸಾಮಾನ್ಯ ಸೋಂಕು ಕೂಡ ಗಂಟೆಗಳೊಳಗೆ ರಕ್ತಕ್ಕೆ ಹರಡಬಹುದು. ಕೀವು ಮಾಡುವುದೂ ಆ ಕಣಗಳೇ ಆದ್ದರಿಂದ ಎಷ್ಟೋ ಸಲ ಕೀವು, ಊತ ಎಂತದೂ ಕಾಣುವುದಿಲ್ಲ. ಜ್ವರ ಒಂದೇ ಗುರುತು. ಹಾಗಾಗಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಅದು ತುರ್ತು. ಬೆಳಗಾಗಲಿ ಎಂದು ಕಾಯುವುದಲ್ಲ. ಕೇಳದೆ ಪ್ಯಾರಾಸಿಟಮಾಲ್ ನುಂಗುವುದೂ ಅಲ್ಲ, ಜ್ವರ ಇಳಿದರೂ ಸೋಂಕು ಒಳಗೊಳಗೆ ಬೆಳೆಯುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು ಎನ್ನುವುದು ವೈದ್ಯರ ನಿಯಮ.

200, 250 ರೂಪಾಯಿಗೆ ಮದ್ದಿನ ಅಂಗಡಿಯಲ್ಲಿ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಕ್ಯಾನ್ಸರ್ ರೋಗಿಯ ಮನೆಯಲ್ಲಿ ಅದಕ್ಕಿಂತ ಬೆಲೆಬಾಳುವ ಡಿಜಿಟಲ್ ಉಪಕರಣ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸ್ವಲ್ಪ ಕಮ್ಮಿ ತೋರಿಸುತ್ತದೆ, ಅದು ನೆನಪಿರಲಿ. ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಬೆಳಿಗ್ಗೆ ಸಂಜೆ ಫೋನಿನಲ್ಲಿ ಅಲಾರಂ ಇಟ್ಟಿದ್ದೆವು. ಅಲಾರಂ ಹೊಡೆದರೆ ಥರ್ಮಾಮೀಟರ್. ಅಷ್ಟೇ ನಿಯಮ.

ಮಳೆಗಾಲದ ಒಂದು ರಾತ್ರಿ ಅದು 100.8 ತೋರಿಸಿತು. ಚಿಕ್ಕಪ್ಪ 'ಥಂಡಿಗೆ ಇರಬೇಕು, ಬೆಳಿಗ್ಗೆ ನೋಡುವ' ಎಂದರು. ಮೈಗೆ ಬೇರೆ ಯಾವ ತೊಂದರೆಯೂ ಇರಲಿಲ್ಲ, ಚಿಕ್ಕಮ್ಮ ಕೂತು ಮಾತಾಡುತ್ತಿದ್ದರು. ಬೇರೆ ದಿನವಾದರೆ ನಾನೂ ಹೂಂ ಎನ್ನುತ್ತಿದ್ದೆನೋ ಏನೋ, ಆದರೆ ಶೀಟಿನಲ್ಲಿ ಅದು ಹತ್ತನೆಯ ದಿನ ಎಂದು ಕಣ್ಣೆದುರೇ ಇತ್ತು. ಆಸ್ಪತ್ರೆಯವರು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆವು. ಈಗಲೇ ಹೊರಡಿ, ದಾರಿಯಲ್ಲಿ ಮಾತ್ರೆ ಕೊಡಬೇಡಿ, ಕ್ಯಾಶುವಾಲ್ಟಿಯಲ್ಲಿ ಕೀಮೋ ರೋಗಿ ಎಂದು ಮೊದಲೇ ಹೇಳಿ ಎಂದರು. ಪಕ್ಕದ ಮನೆಯವರ ಜೀಪು. ರಕ್ತ ನೋಡಿದಾಗ ನ್ಯೂಟ್ರೋಫಿಲ್ ನೆಲ ಕಚ್ಚಿತ್ತು. ಕೆಲವು ದಿನ ಇಂಜೆಕ್ಷನ್ ಕೊಟ್ಟು ಗುಣವಾಗಿ ಕಳಿಸಿದರು. ಒಂದು ಥರ್ಮಾಮೀಟರ್, ಒಂದು ಶೀಟು, ಎತ್ತಿಕೊಳ್ಳುವವರಿರುವ ಒಂದು ಫೋನ್ ನಂಬರ್. ಇದರಲ್ಲಿ ಯಾವುದು ಇಲ್ಲದಿದ್ದರೂ ಆ ರಾತ್ರಿ ಬೇರೆ ರೀತಿ ಆಗುತ್ತಿತ್ತು.

ಬ್ಯಾಶ್ ಅವರ ಅಧ್ಯಯನಕ್ಕೆ ತಿರುಗಿ ಬರುತ್ತೇನೆ. ಹರಡಿದ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದ 766 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರು 12 ಸಾಮಾನ್ಯ ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ತಾವೇ ಉತ್ತರ ತುಂಬಬೇಕು. ತೊಂದರೆ ಜೋರಾದರೆ ನರ್ಸಿಗೆ ತಾನಾಗಿ ಇಮೇಲ್ ಹೋಗುತ್ತಿತ್ತು, ನರ್ಸ್ ಫೋನ್ ಮಾಡುತ್ತಿದ್ದರು, ಮದ್ದು ಬದಲಾಗುತ್ತಿತ್ತು. ಇಷ್ಟೇ ವ್ಯತ್ಯಾಸ. 2017ರಲ್ಲಿ ಬಂದ ಫಲಿತಾಂಶದಲ್ಲಿ, ತಾವೇ ಬರೆದು ತಿಳಿಸಿದವರ ಬದುಕಿನ ಮಧ್ಯಮ ಅವಧಿ (ಅಂದರೆ ಗುಂಪಿನ ಅರ್ಧದಷ್ಟು ಜನ ಇನ್ನೂ ಬದುಕಿದ್ದ ಅವಧಿ) 31.2 ತಿಂಗಳು, ಉಳಿದವರದ್ದು 26 ತಿಂಗಳು. ಐದು ತಿಂಗಳು ಜಾಸ್ತಿ! ತುರ್ತು ವಿಭಾಗಕ್ಕೆ ಹೋಗಬೇಕಾದವರೂ ಕಮ್ಮಿ, ಎಂದಿನ ಚಿಕಿತ್ಸೆಯವರಲ್ಲಿ 41 ಶೇಕಡಾ, ಇವರಲ್ಲಿ 34. ಹೊಸ ಕ್ಯಾನ್ಸರ್ ಮದ್ದು ಎಂತದೂ ಕೊಟ್ಟಿರಲಿಲ್ಲ ಎನ್ನುವುದನ್ನು ನೆನಪಿಡಿ.

ಆಮೇಲೆ ಅದೇ ತಂಡ ಅಮೆರಿಕದ 52 ಚಿಕಿತ್ಸಾಲಯಗಳಲ್ಲಿ 1191 ರೋಗಿಗಳ ಜೊತೆ ಇನ್ನೂ ದೊಡ್ಡ ಅಧ್ಯಯನ ಮಾಡಿತು. ಅದರಲ್ಲಿ ಆಯುಷ್ಯದ ಲಾಭ ಮೊದಲಿನ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ತೊಂದರೆಗಳು ಹಿಡಿತದಲ್ಲಿದ್ದವು, ಓಡಾಟ, ದಿನದ ಕೆಲಸ, ಬದುಕಿನ ನೆಮ್ಮದಿ ಎಲ್ಲ ಉತ್ತಮವಾಗಿತ್ತು. ನನಗೆ ಅಷ್ಟೇ ಸಾಕು ಅನಿಸುತ್ತದೆ. ಇರುವಷ್ಟು ದಿನ ಊಟ ಸೇರಬೇಕು, ನಿದ್ದೆ ಬರಬೇಕು, ಅದು ಸಣ್ಣ ವಿಷಯ ಅಲ್ವಲ್ಲಾ? ಯುರೋಪಿನ ಐದು ದೇಶಗಳಲ್ಲಿ ಫೋನ್ ಕೊಟ್ಟು ಮಾಡಿದ ಇನ್ನೊಂದು ಅಧ್ಯಯನ 2021ರಲ್ಲಿ ಬಂತು, ಅದರಲ್ಲೂ ಕೀಮೋ ರೋಗಿಗಳ ಕಷ್ಟ ಕಮ್ಮಿಯಾದದ್ದು ಕಂಡಿದೆ.

ಇದರಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಎರಡು ಸಂಗತಿ ಉಂಟು. ಮೊದಲ ಅಧ್ಯಯನದಲ್ಲಿ, ಕಂಪ್ಯೂಟರ್ ಬಳಸಿಯೇ ಗೊತ್ತಿಲ್ಲದವರಿಗೆ ಹೆಚ್ಚಿನ ವಿಷಯಗಳಲ್ಲಿ ಲಾಭ ಇನ್ನೂ ಜಾಸ್ತಿ ಸಿಕ್ಕಿತು. ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಆಗುವುದಲ್ಲ ಎಂದು ಕೈಬಿಡುವವರು ಇದನ್ನು ಗಮನಿಸಬೇಕು. ಎರಡನೆಯ ಅಧ್ಯಯನದಲ್ಲಿ ಇಂಟರ್ನೆಟ್ ಬೇಡ ಎಂದವರಿಗೆ ತಾನಾಗಿ ಬರುವ ಫೋನ್ ಕರೆಯ ವ್ಯವಸ್ಥೆ ಇತ್ತು, ಪ್ರಶ್ನೆ ಕೇಳಿಸಿಕೊಂಡು ಉತ್ತರ ಕೊಟ್ಟರೆ ಆಯಿತು. ಅಂಥ ಕರೆಗೆ ಸ್ಮಾರ್ಟ್‌ಫೋನ್ ಬೇಕೆಂದಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹಿರಿಯರ ಕೈಯಲ್ಲಿ ಇರುವುದು ಬಟನ್ ಫೋನ್, ಅಲ್ವಾ? ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಒಂದು ದನಿ ವಾರಕ್ಕೊಮ್ಮೆ ಕರೆ ಮಾಡಿ, ವಾಂತಿ ಇದ್ದರೆ ಒಂದು ಒತ್ತಿ, ಜ್ವರ ಇದ್ದರೆ ಎರಡು ಒತ್ತಿ ಎಂದು ಕೇಳುವುದು ಕಷ್ಟದ ಕೆಲಸವೇ ಅಲ್ಲ. ಒತ್ತಿದ್ದನ್ನು ನೋಡುವ ಒಬ್ಬ ನರ್ಸನ್ನು ಕೂರಿಸುವುದು ಕಷ್ಟ. ಅದಕ್ಕೆ ಸಂಬಳ ಕೊಡಬೇಕಲ್ಲ.

ಆ್ಯಪ್‌ಗಳ ಬಗ್ಗೆ ನನ್ನ ಬೇಸರ ಇಲ್ಲೇ ಇರುವುದು. ಒಂದು ಆಸ್ಪತ್ರೆಯ ಆ್ಯಪನ್ನು ನಾವೂ ಹಾಕಿಕೊಂಡೆವು. ಅದರಲ್ಲಿ ಅಪಾಯಿಂಟ್‌ಮೆಂಟ್ ಉಂಟು, ಬಿಲ್ಲು ಉಂಟು, ರಿಪೋರ್ಟು ಉಂಟು. ಇವತ್ತು ನುಂಗಲು ಆಗುತ್ತಿಲ್ಲ ಎಂದು ಹೇಳಲು ಒಂದು ಜಾಗ ಇಲ್ಲ. ದುಡ್ಡು ತೆಗೆದುಕೊಳ್ಳಲು ಫೋನ್ ಒಳಗೆ ಬರುವವರು ನೋವು ಕೇಳಲೂ ಬರಬೇಕು. ನಾನು ಕಂಡ ಬೇರೆ ಆ್ಯಪ್‌ಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಸರಕಾರದ ಕಡೆಯಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳದಲ್ಲಿ. ಓದಲು ಬಾರದವರಿಗೆ ಪಕ್ಕದ ಮನೆಯ ಹುಡುಗ ಓದಿ ಹೇಳಬೇಕು, ಹೊಟ್ಟೆ ಬಾಧೆಯ ವಿಷಯ, ಹೆಂಗಸರ ವಿಷಯ, ಎಲ್ಲವನ್ನೂ. ಎಷ್ಟು ಮುಜುಗರ! ವಾಯ್ಸ್ ಮೆಸೇಜ್ ಮತ್ತು ಫೋನಿನ ಕನ್ನಡ ಮಾತು ಟೈಪಿಂಗ್ ಈ ಕಷ್ಟವನ್ನು ಬಹಳಷ್ಟು ನೀಗಿಸಿದೆ. ಮಾತಾಡಿದರೆ ತಕ್ಕಮಟ್ಟಿಗೆ ಸರಿಯಾಗಿಯೇ ಕನ್ನಡ ಅಕ್ಷರ ಮೂಡುತ್ತದೆ, ನಮ್ಮ ಹವ್ಯಕ ಮಾತಿಗೆ ಮಾತ್ರ ಅದು ತಬ್ಬಿಬ್ಬಾಗುತ್ತದೆ.

ಫೋಟೋದ ಪ್ರಯೋಜನವನ್ನು ಹೇಳಲೇಬೇಕು. ನಮ್ಮ ನೆರೆಯಲ್ಲಿ ಒಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಅವರಿಗೆ ಆಕ್ಸಾಲಿಪ್ಲಾಟಿನ್ ಇಂಜೆಕ್ಷನ್ ಮತ್ತು ಕೆಪೆಸಿಟಬಿನ್ ಮಾತ್ರೆ. ಮೊದಲನೆಯದು ಹೋದ ಮೇಲೆ ಕೆಲವು ದಿನ ತಣ್ಣೀರು ಮುಟ್ಟಿದರೆ ಕೈಗೆ ಕರೆಂಟು ಹೊಡೆದ ಹಾಗೆ ಆಗುತ್ತದೆ, ತಣ್ಣಗಿನದ್ದು ಕುಡಿದರೆ ಗಂಟಲು ಬಿಗಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಬೊಂಡದ ನೀರೂ ಆಗದು. ಎರಡನೆಯದು ಅಂಗೈ ಅಂಗಾಲು ಕೆಂಪಗೆ ಮಾಡಿ ಸಿಪ್ಪೆ ಎಬ್ಬಿಸುತ್ತದೆ. ಎರಡು ದಿನಕ್ಕೊಮ್ಮೆ ಅದೇ ಕಿಟಕಿಯ ಹತ್ತಿರ, ಅದೇ ಬೆಳಕಿನಲ್ಲಿ ಅಂಗೈಯ ಫೋಟೋ ತೆಗೆದಿಡಿ ಎಂದೆ. ಫೋಟೋಗಳನ್ನು ಸಾಲಾಗಿ ನೋಡಿದಾಗ ಹೆಚ್ಚಾಗುತ್ತಿದೆ ಎಂದು ಅವರಿಗೇ ಗೊತ್ತಾಯಿತು. ಆಸ್ಪತ್ರೆಗೆ ಕಳಿಸಿದರು, ಅಲ್ಲಿಂದ ಕೆಲವು ದಿನ ಮಾತ್ರೆ ನಿಲ್ಲಿಸಲು ಹೇಳಿ ಡೋಸ್ ಬದಲಿಸಿದರು. ಬಾಯಿಹುಣ್ಣಿಗೂ ಹೀಗೇ, ಟಾರ್ಚು ಹಿಡಿದು ಒಂದು ಫೋಟೋ. ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುವುದು ನಮ್ಮಲ್ಲಿ ಅಲಾರಂ ಲೆಕ್ಕದಲ್ಲೇ ನಡೆಯುತ್ತಿತ್ತು.

ಅವರ ಮನೆಯಲ್ಲಿ ಇನ್ನೊಂದು ತೊಡಕು ಬಂತು. ಕೆಪೆಸಿಟಬಿನ್ ಜಾಸ್ತಿ ದಿನ ತೆಗೆದುಕೊಂಡವರಲ್ಲಿ ಕೆಲವರಿಗೆ ಬೆರಳಚ್ಚು ಅಳಿಸಿಹೋಗುತ್ತದೆ. ಇದು ವೈದ್ಯಕೀಯದಲ್ಲಿ ದಾಖಲಾದ ವಿಷಯ. ಒಂದು ದಿನ ಫೋನಿನ ಲಾಕು ಬೆರಳಿಗೆ ತೆರೆಯಲಿಲ್ಲ. ರೇಷನ್ ಅಂಗಡಿಯ ಯಂತ್ರವೂ ಬೆರಳನ್ನು ಒಪ್ಪಲಿಲ್ಲ. ಈ ಮದ್ದು ಶುರುವಾಗುವ ಮೊದಲೇ ಫೋನಿಗೆ ಅಂಕಿಯ ಲಾಕು ಹಾಕಿ, ಮನೆಯ ಇನ್ನೊಬ್ಬರಿಗೆ ಆ ಅಂಕಿ ಗೊತ್ತಿರಲಿ, ಆಧಾರಿಗೆ ಫೋನ್ ನಂಬರ್ ಜೋಡಿಸಿಡಿ, ಒಟಿಪಿಯಲ್ಲಾದರೂ ಕೆಲಸ ಆಗಲಿ. ಇದನ್ನು ಮೊದಲೇ ಹೇಳುವವರು ಬೇಕು. ಬೆರಳಿನ ಗುರುತಿಗಾಗಿ ಕೀಮೋ ರೋಗಿ ಅಂಗಡಿಯಿಂದ ಅಂಗಡಿಗೆ ಅಲೆಯುವಂತಾಗಬಾರದು.

ರೇಂಜಿನ ಸಮಸ್ಯೆ ಗೊತ್ತೇ ಇದೆಯಲ್ಲ. ನಮ್ಮ ತೋಟದ ಮನೆಗಳು ಗುಡ್ಡದ ಬುಡದಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ವಾಟ್ಸಾಪಿನ ಮೆಸೇಜು ಗಡಿಯಾರದ ಗುರುತು ತೋರಿಸಿ ಅಲ್ಲೇ ಕೂರುತ್ತದೆ. ಹಾಗಾಗಿ ತುರ್ತಿನ ವಿಷಯಕ್ಕೆ ನಾವು ಯಾವತ್ತೂ ಮೆಸೇಜ್ ನಂಬಲಿಲ್ಲ. ಕರೆಯೇ. ಕರೆ ಹೋಗದಿದ್ದರೆ ಸಾದಾ ಎಸ್ಸೆಮ್ಮೆಸ್, ಡೇಟಾ ಇಲ್ಲದಲ್ಲಿಯೂ ಅದು ನುಸುಳಿಕೊಂಡು ಹೋಗುತ್ತದೆ. ಆಸ್ಪತ್ರೆಯ ನಂಬರು, ಮದ್ದುಗಳ ಹೆಸರು, ಕೀಮೋ ತಾರೀಕು, ರಕ್ತದ ಗುಂಪು, ಶುಗರ್ ಮಾತ್ರೆಯ ಹೆಸರು ಎಲ್ಲವನ್ನೂ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಯೂ ಇಟ್ಟಿದ್ದೆವು. ಫೋನಿನ ಚಾರ್ಜು ಮುಗಿದರೂ ಗೋಡೆ ಅಲ್ಲೇ ಇರುತ್ತದೆ.

ಅದೇ ಫೋನಿನಲ್ಲಿ ಬರುವ ಬೇಡದ್ದರ ಬಗ್ಗೆಯೂ ಹೇಳಬೇಕು. ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲೇ ಲಕ್ಷ್ಮಣಫಲದ ಫಾರ್ವರ್ಡ್ ಬಂತು, ಕೀಮೋಗಿಂತ ಸಾವಿರ ಪಾಲು ಶಕ್ತಿ ಎಂದು. ಇದಕ್ಕೆ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಆಧಾರ ಇಲ್ಲ. ಹಣ್ಣು ತಿಂದರೆ ತಿನ್ನಲಿ, ಆದರೆ ಅದನ್ನು ನಂಬಿ ಕೀಮೋ ಬಿಟ್ಟವರ ಮನೆಯನ್ನು ನಾನು ನೋಡಿದ್ದೇನೆ, ಅದರ ಬಗ್ಗೆ ಇಲ್ಲಿ ಬರೆಯಲು ಮನಸ್ಸಿಲ್ಲ. ಚಿಕ್ಕಮ್ಮನ ರಿಪೋರ್ಟಿನ ಫೋಟೋ ಒಂದನ್ನು ಸಂಬಂಧಿಕರೊಬ್ಬರು ಯಾರಿಗೋ ತೋರಿಸಲೆಂದು ಕೇಳಿದಾಗ ಅವರು ಕೊಡಬೇಡ ಎಂದರು. ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಎಲ್ಲ ಅದರಲ್ಲಿರುತ್ತದೆ, ಒಂದು ಸಲ ಕೈಬಿಟ್ಟರೆ ಊರೆಲ್ಲ ತಿರುಗುತ್ತದೆ. ಕೂದಲು ಹೋದ ಮೇಲೆ ಅವರಿಗೆ ವಿಡಿಯೋ ಕಾಲ್ ಬೇಡವಾಯಿತು. ಮೊಮ್ಮಕ್ಕಳಿಗೂ ದನಿ ಮಾತ್ರ. ಅದನ್ನು ಯಾರೂ ಒತ್ತಾಯ ಮಾಡಲಿಲ್ಲ. ಅವರ ಮುಖ ಯಾರಿಗೆ ಕಾಣಬೇಕು ಎನ್ನುವುದು ಅವರ ಇಷ್ಟ.

2020ರ ಮಾರ್ಚಿನಲ್ಲಿ ಕೊರೋನಾ ಸಮಯಕ್ಕೆ ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿದ್ದು ಕಾಸರಗೋಡಿನ ಯಾರಿಗೂ ಮರೆತಿಲ್ಲ. ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರು ಈಚೆಯೇ ಉಳಿದರು, ಚಿಕಿತ್ಸೆ ಸಿಗದೆ ಕೆಲವರು ತೀರಿಹೋದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅದೇ ಮಾರ್ಚ್ 25ರಂದು ಕೇಂದ್ರ ಸರಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಡಾಕ್ಟರು ಫೋನು, ವಿಡಿಯೋ, ಮೆಸೇಜುಗಳಲ್ಲಿ ಸಲಹೆ ಕೊಡುವುದಕ್ಕೆ ಸ್ಪಷ್ಟ ನಿಯಮ ಬಂತು. ಇ-ಸಂಜೀವನಿಯಲ್ಲಿ ಮನೆಯಿಂದಲೇ ಸರಕಾರಿ ಡಾಕ್ಟರನ್ನು ಕಾಣುವ ವ್ಯವಸ್ಥೆಯೂ ಆ ಏಪ್ರಿಲಿನಲ್ಲಿ ಶುರುವಾಯಿತು. ಅಂದರೆ ದಾರಿ ಇದೆ. ಕೀಮೋ ಕೊಡುವ ಆಸ್ಪತ್ರೆಗಳು ಇದನ್ನು ಚಿಕಿತ್ಸೆಯ ಭಾಗ ಎಂದು ಎಣಿಸಬೇಕು. ಈಗ ಆಗುತ್ತಿರುವುದು ಯಾರೋ ಒಬ್ಬರು ಒಳ್ಳೆಯ ಸಿಸ್ಟರ್ ತಮ್ಮ ಸ್ವಂತ ನಂಬರ್ ಕೊಟ್ಟು, ಡ್ಯೂಟಿ ಮುಗಿದ ಮೇಲೂ ಉತ್ತರಿಸುವುದು. ಅವರ ಒಳ್ಳೆಯತನದ ಮೇಲೆ ಎಷ್ಟು ಜನರ ಜೀವ ನಿಂತಿರಬಹುದು ಯೋಚಿಸಿ.

ನಮ್ಮಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕೇರಳ 2008ರಲ್ಲೇ ಪಾಲಿಯೇಟಿವ್ ಕೇರಿಗೆ ಸರಕಾರಿ ನೀತಿ ಮಾಡಿದ ರಾಜ್ಯ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಬರುತ್ತಾರೆ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಫೋನ್ ಇದೆ, 2022ರಿಂದ ಶೈಲಿ ಎನ್ನುವ ಆ್ಯಪಿನಲ್ಲಿ ಅವರು ಮನೆಮನೆಯ ಆರೋಗ್ಯದ ಲೆಕ್ಕ ಬರೆಯುತ್ತಿದ್ದಾರೆ. ರೋಗ ಹುಡುಕಲು ಆ್ಯಪ್ ಇರುವಾಗ, ರೋಗ ಸಿಕ್ಕಿ ಕೀಮೋ ನಡೆಯುತ್ತಿರುವವರ ಮೂರು ವಾರವನ್ನು ಕೇಳುವ ನಾಲ್ಕು ಪ್ರಶ್ನೆಗಳನ್ನು ಅದಕ್ಕೆ ಸೇರಿಸುವುದು ಆಗದ ಮಾತಲ್ಲ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಉಂಟು. ಕೀಮೋ ರೋಗಿಗೆ ಜ್ವರ ಬಂದ ರಾತ್ರಿ ಮೊದಲ ಡೋಸ್ ಆಂಟಿಬಯೋಟಿಕ್ ಅಲ್ಲೇ ಸಿಗುವಂತಾಗಬೇಕು, ಆ ಕಡೆ ಮಂಗಳೂರಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿಕೊಂಡು. ರಾಜ್ಯ ಬೇರೆ ಆದರೇನು, ರೋಗಿ ಒಬ್ಬರೇ.

ನಮ್ಮ ಪ್ರಶ್ನೆಗಳ ಪಟ್ಟಿಯನ್ನು ನಾನು ಈಗ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿದ್ದೇನೆ. ಪಕ್ಕದ ಮನೆಯ ಟೀಚರೊಬ್ಬರು ಮಲಯಾಳಕ್ಕೆ ತರುತ್ತಿದ್ದಾರೆ. ತುಳುವಿನದ್ದು ಬರೆದು ಪ್ರಯೋಜನವಿಲ್ಲ, ದನಿಯಲ್ಲೇ ಬೇಕು, ಅದನ್ನು ಮುಂದಿನ ವಾರ ರೆಕಾರ್ಡ್ ಮಾಡುವುದೆಂದು ಆಗಿದೆ. ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ಮೂರನ್ನೂ ಒಟ್ಟಿಗೆ ಕೊಡುತ್ತೇನೆ. ಉತ್ತರ ಬಂದಾಗ ಯಾರು ನೋಡುತ್ತಾರೆ, ಎಷ್ಟು ಹೊತ್ತಿಗೆ ನೋಡುತ್ತಾರೆ ಎಂದು ಅವರ ಜೊತೆ ಕೂತು ಮೊದಲು ಅದನ್ನು ತೀರ್ಮಾನ ಮಾಡಬೇಕು. ಆಮೇಲೆ ಉಳಿದದ್ದು.